ಒಳಗೆ ಗೀರೇ ಇಲ್ಲದ ಹಳೇ .22 ಕೋವಿ: ಸವೆದಿದ್ದೋ, ಹುಟ್ಟುತ್ತಲೇ ನಯವೋ?

ಕಪಾಟಿನಕೀಲಿ:

ನಮಸ್ಕಾರ ಎಲ್ಲರಿಗೂ. ಮನೆಯ ಹಿರಿಯರ ಕಾಲದ ಒಂದು ಕೋವಿ ಈಗ ನನ್ನ ಕೈಗೆ ಬಂದಿದೆ. ಕಾಗದಪತ್ರ ಎಲ್ಲಾ ಸರಿಯಿದೆ, ಅದರ ಬಗ್ಗೆ ಪ್ರಶ್ನೆ ಇಲ್ಲ. ರೆಮಿಂಗ್‌ಟನ್ ಪಂಪ್, ಮಾಡೆಲ್ 121 ಅಂತ ಕೆತ್ತಿದೆ. ನಳಿಗೆ 24 ಇಂಚು, ಕೆಳಗೆ ಕೊಳವೆ ಮ್ಯಾಗಜೀನ್. ಮರ ಚೆನ್ನಾಗಿದೆ, ಹೊರಗಿನ ಬಣ್ಣ ಪರವಾಗಿಲ್ಲ, ಪಂಪ್ ಎಳೆದರೆ ಬೆಣ್ಣೆಯ ಹಾಗೆ ಓಡುತ್ತದೆ.

ತೊಂದರೆ ಏನೆಂದರೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೀರುಗಳೇ ಇಲ್ಲ. ಬಾಯಿಂದ ಟಾರ್ಚ್ ಹಾಕಿ ನೋಡಿದೆ, ಕನ್ನಡಿಯ ಹಾಗೆ ಹೊಳೆಯುತ್ತದೆ, ಆದರೆ ಸುತ್ತಿಕೊಂಡು ಹೋಗುವ ಒಂದು ಗೆರೆಯೂ ಕಾಣುವುದಿಲ್ಲ. ಇನ್ನೂ ವಿಚಿತ್ರ ಅಂದರೆ ಬಾಯಿ ನನಗೆ .22 ಇಂಚಿಗಿಂತ ತುಂಬಾ ಅಗಲ ಅನ್ನಿಸುತ್ತದೆ. ಸಣ್ಣ ಬೆರಳಿನ ತುದಿ ಸುಮಾರಾಗಿ ಒಳಗೆ ಹೋಗುವಷ್ಟು. ಹಿಂದಿನ ಸೈಟ್ ಇಲ್ಲ, ಮುಂದೆ ಒಂದು ಸಣ್ಣ ಗುಂಡುಮಣಿ ಮಾತ್ರ.

ತೋರಿಸಿದವರೊಬ್ಬರು "ಸಾವಿರಾರು ಗುಂಡು ಹೊಡೆದು ನಳಿಗೆ ಸತ್ತೇ ಹೋಗಿದೆ, ಹೊಸ ಲೈನರ್ ಹಾಕಿಸು" ಅಂದರು, ಅಂದರೆ ಹಳೇ ನಳಿಗೆಯೊಳಗೆ ಕೂರಿಸುವ ಗೀರಿನ ತೆಳು ಕೊಳವೆ. ಹಾಕಿಸುವ ಮೊದಲು ಇಲ್ಲಿ ಕೇಳೋಣ ಅಂತ. ಇದು ನಿಜವಾಗಿಯೂ ಸವೆದಿದ್ದಾ, ಅಥವಾ ಬೇರೆ ಏನಾದರೂ ಕಥೆ ಇದೆಯಾ?

ನೇರಗುಂಡು:

ಸವೆದಿದ್ದೇ. ಹಳೇ .22 ಗಳಲ್ಲಿ ಇದು ಮಾಮೂಲು. ಆಗಿನ ಕಾಲದ ತೋಟಾಗಳ ಪ್ರೈಮರ್‌ನಲ್ಲಿ, ಅಂದರೆ ಕಿಡಿ ಹೊತ್ತಿಸುವ ಮದ್ದಿನಲ್ಲಿ, ಉಪ್ಪಿನಂಶ ಉಳಿಯುತ್ತಿತ್ತು, ಹೊಡೆದು ತೊಳೆಯದೆ ಇಟ್ಟರೆ ಒಂದು ಮಳೆಗಾಲಕ್ಕೆ ನಳಿಗೆ ತಿಂದು ಹಾಕುತ್ತಿತ್ತು. ನನ್ನ ಹತ್ತಿರವೂ ಒಂದು ಮಾರ್ಲಿನ್ ಇತ್ತು, ಒಳಗೆ ಹೀಗೇ ನಯವಾಗಿ ಹೋಗಿತ್ತು, ಸುಮ್ನೆ ಬಂದ ಬೆಲೆಗೆ ಕೊಟ್ಟುಬಿಟ್ಟೆ. ಲೈನರ್ ಹಾಕಿಸಿ, ಮತ್ತೆ ಚೆನ್ನಾಗಿ ಹೊಡೆಯುತ್ತದೆ.

ಎಣ್ಣೆಬಟ್ಟೆ:

ದಯವಿಟ್ಟು ಲೈನರ್ ಹಾಕಿಸಬೇಡಿ! ಕನಿಷ್ಠ ಈ ವಾರ ಬೇಡ.

ಪ್ರಶ್ನೆ ಕೇಳಿದವರು ಬರೆದಿದ್ದನ್ನೇ ಇನ್ನೊಮ್ಮೆ ಓದಿ. ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತದೆ ಅಂದಿದ್ದಾರೆ. ತುಕ್ಕು ತಿಂದ ನಳಿಗೆ ಹೊಳೆಯುವುದಿಲ್ಲ, ಅದು ಸಿಡುಬಿನ ಮುಖದ ಹಾಗೆ ಗುಂಡಿ ಗುಂಡಿಯಾಗಿ ಕಪ್ಪಾಗಿರುತ್ತದೆ. ಬರೀ ಸೀಸದ ಗುಂಡು ಓಡಿ ಓಡಿ .22 ನಳಿಗೆಯ ಗೀರು ಪೂರ್ತಿ ಅಳಿಸಿ, ಅದರ ಮೇಲೆ ಹೊಳಪೂ ಉಳಿಯುವುದು ನಾನು ನೋಡಿಲ್ಲ. ಸೀಸ ಮೆತ್ತಗಿನ ಲೋಹ, ಉಕ್ಕನ್ನು ಅಷ್ಟು ಸುಲಭಕ್ಕೆ ತಿನ್ನುವುದಿಲ್ಲ. ಈ ಕೋವಿಗಳನ್ನು ಕೊಲ್ಲುವುದು ತುಕ್ಕು ಮತ್ತು ಬಾಯಿಯಿಂದ ಸೊಟ್ಟಗೆ ರಾಡ್ ತುರುಕುವ ಜನ. ಅದೂ ಅಲ್ಲದೆ ಮಾಡೆಲ್ 121 ಬಂದಿದ್ದು 1936ರಲ್ಲಿ, 1954ರವರೆಗೆ ಮಾಡಿದರು. ರೆಮಿಂಗ್‌ಟನ್ ಕಂಪನಿ ತುಕ್ಕು ಹಿಡಿಸದ ಕ್ಲೀನ್‌ಬೋರ್ ಪ್ರೈಮರ್ ತಂದಿದ್ದು 1926ರಲ್ಲೇ. ಅಂದರೆ ಉಪ್ಪಿನ ಪ್ರೈಮರ್ ಕಥೆ ಈ ಕೋವಿಗಿಂತ ಅದರ ತಾತನ ಕಾಲದ ಕೋವಿಗೆ ಜಾಸ್ತಿ ಹೊಂದುತ್ತದೆ.

ಮೊದಲು ಒಂದು ಮಾತು: ಕೊಳವೆ ಮ್ಯಾಗಜೀನ್ ಪೂರ್ತಿ ಹೊರಗೆಳೆದು, ಪಂಪ್ ನಾಲ್ಕೈದು ಸಲ ಎಳೆದು, ಚೇಂಬರಿಗೆ (ತೋಟಾ ಕೂರುವ ಜಾಗಕ್ಕೆ) ಬೆರಳು ತಾಗಿಸಿ ಖಾಲಿ ಅಂತ ಖಾತ್ರಿ ಮಾಡಿಕೊಳ್ಳಿ. ಈ ಕೊಳವೆಗಳಲ್ಲಿ ಹಳೇ ಎಣ್ಣೆ ಅಂಟಿಕೊಂಡು ಒಂದು ತೋಟಾ ಒಳಗೇ ಉಳಿಯುವುದು ಉಂಟು. ಆಮೇಲೆ ಟಾರ್ಚನ್ನು ಬಾಯಿಂದ ಹಾಕಬೇಡಿ. ಖಾಲಿ ತೋಟಾ ಹಾರುವ ಕಿಟಕಿಯಲ್ಲಿ ಒಂದು ಬಿಳಿ ಕಾಗದ ಓರೆಯಾಗಿ ಇಟ್ಟು ಅದರ ಮೇಲೆ ಬೆಳಕು ಬಿಡಿ, ನೀವು ಬಾಯಿಂದ ನೋಡಿ. ಆಗ ಒಳಗಿನದು ಉಂಗುರ ಉಂಗುರವಾಗಿ ಕಾಣುತ್ತದೆ. ನಡುವೆ ಎಲ್ಲಾದರೂ ಒಂದು ಮೆಟ್ಟಿಲು ಇದೆಯಾ, ಅಂದರೆ ಅಗಲದ ಕೊಳವೆ ಥಟ್ಟನೆ ಸಣ್ಣದಾಗುವ ಜಾಗ? ಅದನ್ನು ಹೇಳಿ. ನನಗೆ ಒಂದು ಅನುಮಾನ ಇದೆ, ಆದರೆ ನೀವು ನೋಡಿದ ಮೇಲೆ ಹೇಳುತ್ತೇನೆ, ಇಲ್ಲದಿದ್ದರೆ ನಾನು ಹೇಳಿದ್ದೇ ನಿಮಗೆ ಕಂಡುಬಿಡುತ್ತದೆ.

ಕಪಾಟಿನಕೀಲಿ:

ನೋಡಿದೆ. ಮ್ಯಾಗಜೀನ್ ಖಾಲಿ. ಕಾಗದದ ಉಪಾಯ ಚೆನ್ನಾಗಿದೆ, ಇಷ್ಟು ದಿನ ಟಾರ್ಚ್ ಬೆಳಕು ಕಣ್ಣಿಗೇ ಹೊಡೆಯುತ್ತಿತ್ತು.

ಮೆಟ್ಟಿಲು ಇದೆ! ಬಾಯಿಂದ ಸುಮಾರು ಅರ್ಧ ದಾರಿಯಲ್ಲಿ. ಅಲ್ಲಿಯವರೆಗೆ ಅಗಲ, ಆಮೇಲೆ ಸಣ್ಣ ತೂತು. ಕ್ಯಾಲಿಪರ್‌ನಲ್ಲಿ ಬಾಯಿ ಅಳೆದರೆ 9.5 ಮಿಲಿಮೀಟರ್ ಬಂತು. ಸಣ್ಣ ತೂತಿನಲ್ಲಿ ಗೀರು ಇದೆಯೋ ಇಲ್ಲವೋ ಅಷ್ಟು ದೂರಕ್ಕೆ ನನ್ನ ಕಣ್ಣಿಗೆ ಗೊತ್ತಾಗುವುದಿಲ್ಲ. ಯಾರಾದರೂ ಕೊರೆದು ಹಾಳು ಮಾಡಿದ್ದಾರಾ?

ಎಣ್ಣೆಬಟ್ಟೆ:

ಅಂದುಕೊಂಡಿದ್ದೆ. ಇದನ್ನು ರೌಟ್‌ಲೆಡ್ಜ್ ಬೋರ್ ಅಂತಾರೆ. ಕೂತುಕೊಂಡು ಓದಿ, ಸ್ವಲ್ಪ ಉದ್ದ ಆಗುತ್ತದೆ.

.22 ರಲ್ಲಿ ಗುಂಡಿನ ಬದಲು ಪುಡಿ ಚರೆ ತುಂಬಿದ ತೋಟಾ ಬಹಳ ಹಿಂದಿನಿಂದ ಇದೆ. ಹಿತ್ತಾಳೆ ಕೇಸಿನ ಬಾಯಿಯನ್ನು ನಕ್ಷತ್ರದ ಹಾಗೆ ಮಡಚಿ ಮುಚ್ಚಿರುತ್ತಾರೆ. ಒಳಗೆ 12ನೇ ನಂಬರಿನ ಚರೆ, ಒಂದೊಂದೂ ಸುಮಾರು 1.3 ಮಿಲಿಮೀಟರ್, ರಾಗಿ ಕಾಳಿನಷ್ಟು ಅನ್ನಿ. ಇದನ್ನು ಗೀರು ಇರುವ ನಳಿಗೆಯಲ್ಲಿ ಹೊಡೆದರೆ ಚರೆಯ ಗುಂಪು ಗಿರ್ರನೆ ತಿರುಗಿ ಹೊರಗೆ ಬಂದು ಸುತ್ತಲೂ ಚೆದುರಿಬಿಡುತ್ತದೆ. ಹಲಗೆಯ ಮೇಲೆ ನೋಡಿದರೆ ನಡುವೆ ಖಾಲಿ, ಸುತ್ತ ಉಂಗುರ. ಉದ್ದಿನವಡೆಯ ಹಾಗೆ. ಅದಕ್ಕೇ ಚರೆಗೆ ಗೀರಿಲ್ಲದ ನಳಿಗೆ ಬೇಕು. ಆದರೆ ಅಲ್ಲೂ ಒಂದು ತೊಡಕು. .22 ತೂತು ತೀರಾ ಸಣ್ಣದು, ಅದರಲ್ಲಿ ಚರೆ ಉದ್ದಕ್ಕೆ ಸಾಲುಗಟ್ಟಿ ನಿಂತಿರುತ್ತದೆ, ಗೋಡೆಗೆ ಉಜ್ಜಿಕೊಂಡ ಕಾಳುಗಳು ಚಪ್ಪಟೆಯಾಗಿ ಹೊರಗೆ ಬಂದ ಮೇಲೆ ದಾರಿ ತಪ್ಪುತ್ತವೆ.

ಫ್ರೆಡ್ ರೌಟ್‌ಲೆಡ್ಜ್ ಅನ್ನುವವರು ಇದಕ್ಕೆ ಕಂಡುಕೊಂಡ ದಾರಿಯೇ ನಿಮ್ಮ ಕೈಯಲ್ಲಿರುವುದು. ಹಿಂದಿನ ಅರ್ಧ .22 ರ ನಯ ತೂತು, ಮುಂದಿನ ಅರ್ಧ ಸುಮಾರು .375 ಇಂಚಿನ ಅಗಲದ ನಯ ತೂತು. .375 ಅಂದರೆ ಮಿಲಿಮೀಟರಿನಲ್ಲಿ 9.5, ನಿಮ್ಮ ಕ್ಯಾಲಿಪರ್ ಸುಳ್ಳು ಹೇಳಲಿಲ್ಲ. ಅವರು ಸ್ಕೀಟ್ ಆಟವನ್ನೇ (ಹಾರುವ ಮಣ್ಣಿನ ತಟ್ಟೆಗಳನ್ನು ಶಾಟ್‌ಗನ್ನಿನಲ್ಲಿ ಹೊಡೆಯುವುದು) ಚಿಕ್ಕದು ಮಾಡಿ, ಚಿಕ್ಕ ಮಣ್ಣಿನ ತಟ್ಟೆಗಳನ್ನು ಹಾರಿಸಿ .22 ಚರೆಯಲ್ಲಿ ಹೊಡೆಯುವ ಆಟ ಮಾಡಿದರು. ಸೊಳ್ಳೆಯ ಇಂಗ್ಲಿಷ್ ಹೆಸರಿನ ಒಳಗೆ ಸ್ಕೀಟ್ ಸೇರಿಸಿ ಮೊಸ್ಕೀಟೊ ಅಂತ ಅದರ ಹೆಸರು. ಈ ಆಟಕ್ಕಾಗಿಯೇ 1940ರ ಆಸುಪಾಸಿನಲ್ಲಿ ರೆಮಿಂಗ್‌ಟನ್ 121, ವಿಂಚೆಸ್ಟರ್ 61 ಮುಂತಾದ ಪಂಪ್ ಕೋವಿಗಳು ಈ ಬಗೆಯ ನಳಿಗೆಯಲ್ಲಿ ಬಂದವು. ಹಾರುವ ತಟ್ಟೆಗೆ ಗುರಿ ಇಡಲು ಹಿಂದಿನ ಸೈಟ್ ಯಾಕೆ? ಶಾಟ್‌ಗನ್ನಿನ ಹಾಗೆ ಮುಂದೊಂದು ಮಣಿ ಸಾಕು. ನಿಮ್ಮದರಲ್ಲೂ ಅಷ್ಟೇ ಅಲ್ವಾ ಇರುವುದು?

ಈ ನಳಿಗೆಗೆ ಲೈನರ್ ತುರುಕಿದ್ದರೆ ನಾನು ಒಂದು ವಾರ ಊಟ ಬಿಡುತ್ತಿದ್ದೆ.

ಅಳತೆಪಟ್ಟಿ:

ಎಣ್ಣೆಬಟ್ಟೆ ಹೇಳಿದ್ದು ಸರಿ ಇರಬಹುದು, ಆದರೆ ಇಷ್ಟು ಬೇಗ ಹಾರ ಹಾಕಬೇಡಿ. ಅಪರೂಪದ ನಳಿಗೆ ಅಂತ ಗೊತ್ತಾದ ಕೂಡಲೇ ಲೇತ್ ಇರುವವನೊಬ್ಬ ಅದನ್ನೇ ಮಾಡಿ ಕೊಡುತ್ತಾನೆ. ಮಾಮೂಲಿ ಗೀರಿನ ನಳಿಗೆ ತಗೊಂಡು ರೀಮರ್, ಅಂದರೆ ತೂತು ಅಗಲ ಮಾಡುವ ಕೊರೆ, ಓಡಿಸಿದರೆ ಮುಗಿಯಿತು. ಹಾಗಾಗಿ ಎರಡು ಪ್ರಶ್ನೆ ಬೇರೆ ಬೇರೆ: ಇದು ನಯವಾ? ಇದನ್ನು ನಯ ಮಾಡಿದ್ದು ಕಾರ್ಖಾನೆಯಾ?

ಮೊದಲನೆಯದಕ್ಕೆ ಕಣ್ಣು ನಂಬಬೇಡಿ, ರಾಡ್ ನಂಬಿ. ಹಿಡಿಯಲ್ಲಿ ಬೇರಿಂಗ್ ಇರುವ, ತಾನಾಗಿ ತಿರುಗುವ ಕ್ಲೀನಿಂಗ್ ರಾಡ್ ತಗೊಳ್ಳಿ. ತುದಿಗೆ ಬಿಗಿಯಾಗಿ ಕೂರುವಷ್ಟು ಬಟ್ಟೆ ಸುತ್ತಿ ಸಣ್ಣ ತೂತಿನ ಭಾಗದಲ್ಲಿ ನಿಧಾನಕ್ಕೆ ತಳ್ಳಿ. ರಾಡಿನ ಮೇಲೆ ಪೆನ್ನಿನಲ್ಲಿ ಒಂದು ಗುರುತು ಹಾಕಿರಿ. .22 ಲಾಂಗ್ ರೈಫಲ್‌ಗೆ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು ಇರುತ್ತದೆ. ನಿಮ್ಮ ಸಣ್ಣ ತೂತು ಹೆಚ್ಚು ಕಡಿಮೆ 12 ಇಂಚು, ಅಂದರೆ ಗೀರು ಇದ್ದರೆ ಗುರುತು ಮುಕ್ಕಾಲು ಸುತ್ತು ತಿರುಗಬೇಕು. ಸುಮ್ನೆ ನೇರವಾಗಿ ಹೋಯಿತು ಅಂದರೆ ನಯ. ಬಾಯಿಂದ ತಳ್ಳುವಾಗ ರಾಡ್ ಅಂಚಿಗೆ ಉಜ್ಜದ ಹಾಗೆ ನೋಡಿಕೊಳ್ಳಿ. ಬಿಚ್ಚದೆ ಪಂಪ್ ಕೋವಿಯಲ್ಲಿ ಹಿಂದಿನಿಂದ ರಾಡ್ ಹಾಕಲು ದಾರಿ ಇಲ್ಲ, ಅದಕ್ಕೇ ಈ ಎಚ್ಚರ. ಚೇಂಬರ್ ಅಳತೆಯೂ ಬೇಕು ಅಂದರೆ ಗನ್‌ಸ್ಮಿತ್ ಹತ್ತಿರ ಸೆರೋಸೇಫ್ ಲೋಹದ ಅಚ್ಚು ತೆಗೆಸಿ. ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಅದು ಕರಗುತ್ತದೆ, ತಣ್ಣಗಾಗುವಾಗ ಮೊದಲು ಕುಗ್ಗಿ ಆಮೇಲೆ ಹಿಗ್ಗುತ್ತದೆ, ಸುಮಾರು ಒಂದು ಗಂಟೆಗೆ ಸರಿಯಾಗಿ ಚೇಂಬರಿನ ಅಳತೆಗೆ ಬರುತ್ತದೆ. ಆಗ ಅಳೆಯಬೇಕು. ಮರುದಿನ ಅಳೆದು ಜಗಳ ಮಾಡುವವರನ್ನು ನೋಡಿದ್ದೇನೆ.

ಎರಡನೆಯದಕ್ಕೆ ಹಿಂದಿನ ಸೈಟ್ ಇರಬೇಕಾದ ಜಾಗ ನೋಡಿ. ಅಲ್ಲಿ ಅಡ್ಡ ತೋಡು ಕೊರೆದು ಮತ್ತೆ ತುಂಡು ಕಬ್ಬಿಣ ತುಂಬಿ ಮುಚ್ಚಿದ್ದರೆ ಅದು ಮೊದಲು ರೈಫಲ್ ಆಗಿತ್ತು. ಉಗುರು ಎಳೆದರೆ ಗೊತ್ತಾಗುತ್ತದೆ. ಅದರ ಮೇಲೆ ಮತ್ತೆ ಬಣ್ಣ ಹಾಕಿದ್ದರೆ ಆ ಜಾಗದ ನೀಲಿ ಸ್ವಲ್ಪ ಬೇರೆ ಇರುತ್ತದೆ. ಒಳಗೆ, ಅಗಲದ ಭಾಗದಲ್ಲಿ ಅಲೆ ಅಲೆಯಾದ ರೀಮರ್ ಗುರುತು ಇದ್ದರೂ ಅನುಮಾನ ಪಡಿ. ಆಮೇಲೆ ನಳಿಗೆಯ ಮೇಲಿನ ಬರಹ. ಕಾರ್ಖಾನೆಯವರು ನಯ ನಳಿಗೆಗೆ ಸಾಮಾನ್ಯವಾಗಿ ಸ್ಮೂತ್‌ಬೋರ್ ಅಂತಲೋ, ತೋಟಾದ ಹೆಸರಿನ ಜೊತೆ ಶಾಟ್ ಅಂತಲೋ ಹೊಡೆದಿರುತ್ತಾರೆ. ನಿಮ್ಮದರಲ್ಲಿ ಏನಿದೆ?

ಹಾಗೇ, ನಳಿಗೆ ರಿಸೀವರಿಗೆ (ಯಂತ್ರ ಕೂರುವ ಪೆಟ್ಟಿಗೆಗೆ) ಸೇರುವ ಹತ್ತಿರ ಎಡಗಡೆ ಚಿಕ್ಕ ಅಕ್ಷರಗಳಿರುತ್ತವೆ, ಅದೂ ಬರೆಯಿರಿ. ರೆಮಿಂಗ್‌ಟನ್‌ನಲ್ಲಿ ಮೊದಲ ಅಕ್ಷರ ತಿಂಗಳು, ಮುಂದಿನದು ವರ್ಷ. ತಿಂಗಳಿಗೆ ಅವರು ಬಳಸಿದ್ದು ಬ್ಲ್ಯಾಕ್ ಪೌಡರ್ ಅನ್ನುವ ಇಂಗ್ಲಿಷ್ ಪದಗಳ ಅಕ್ಷರಗಳನ್ನೇ, ಕೊನೆಗೊಂದು ಎಕ್ಸ್ ಸೇರಿಸಿದರೆ 12 ಆಗುತ್ತದೆ. ಕರಿಮದ್ದಿನ ಹೆಸರಲ್ಲಿ ಕ್ಯಾಲೆಂಡರ್ ಮಾಡಿದವನಿಗೆ ಒಂದು ನಮಸ್ಕಾರ.

ಮೂಲೆಗುಂಪು:

ಚರ್ಚೆ ಚೆನ್ನಾಗಿದೆ, ಒಂದೆರಡು ಮಾತು ಸೇರಿಸುತ್ತೇನೆ. ಎಲ್ಲಾ ನಯ .22 ಗಳಲ್ಲೂ ಮೆಟ್ಟಿಲು ಇರುವುದಿಲ್ಲ. ತೋಟ, ಕಣಜಗಳಲ್ಲಿ ಇಲಿ, ಹಕ್ಕಿ ಕಾಟಕ್ಕೆ ಅಂತ ಮಾಡಿದ ಅಗ್ಗದವು ಕೊನೆಯವರೆಗೆ ಒಂದೇ ಅಗಲ ಇರುತ್ತವೆ. ವಿಂಚೆಸ್ಟರ್ 67 ಹಾಗೆ ಬಂದಿದೆ. ರೆಮಿಂಗ್‌ಟನ್ 510ರ ಜೊತೆ ಎಸ್‌ಬಿ ಅಂತ ಇದ್ದರೆ ಅದೂ ನಯವೇ. ಇನ್ನೂ ಹಳೆಯದು ಬೇಕಾದರೆ ಸ್ಟೀವನ್ಸ್ ಫೇವರಿಟ್‌ನಲ್ಲಿ ನಂಬರ್ 20, ಕ್ರ್ಯಾಕ್‌ಶಾಟ್‌ನಲ್ಲಿ ನಂಬರ್ 26½. ಆ ಅರ್ಧ ಗಮನಿಸಿ, 26 ಗೀರಿನದು, 26½ ನಯದ್ದು. ಕೆತ್ತನೆ ಸವೆದು ಅರ್ಧ ಅಳಿಸಿಹೋದರೆ ಕಥೆ ಮುಗಿಯಿತು!

ಮಾಸ್‌ಬರ್ಗ್ ಟಾರ್ಗೊ ಇನ್ನೊಂದು ತಮಾಷೆ. ಬಾಯಿಯ ಹೊರಗೆ ಸ್ಕ್ರೂ ಸುತ್ತು ಇರುತ್ತದೆ. ನೋಡಿದವರು ಸೈಲೆನ್ಸರ್‌ಗೆ ಅಂತ ಹೆದರುತ್ತಾರೆ. ಅದು ತುಂಡು ನಳಿಗೆ ಸಿಕ್ಕಿಸಲು. ಚರೆಗೆ ಒಂದು ನಯ ತುಂಡು, ಗುಂಡಿಗೆ ಒಂದು ಗೀರಿನ ತುಂಡು. ನಳಿಗೆ ಪೂರ್ತಿ ನಯ, ತುದಿಯ ನಾಲ್ಕು ಬೆರಳಿನಷ್ಟು ಮಾತ್ರ ಗೀರು. ಆ ತುಂಡುಗಳು ಕಳೆದುಹೋಗಿ ಬರೀ ಕೋವಿ ಸಿಕ್ಕಿದರೆ ಎಂಥವರಿಗೂ ತಲೆ ಕೆಡುತ್ತದೆ. 1940ರಲ್ಲಿ ಬಂದವು, 26ಟಿ ಮತ್ತು 42ಟಿ ಅಂತ. ತಟ್ಟೆ ಹಾರಿಸುವ ಸಾಧನವನ್ನೂ ಕೋವಿಗೇ ಸಿಕ್ಕಿಸಿಕೊಂಡು ಒಬ್ಬನೇ ಆಡಬಹುದಿತ್ತು.

ಯೂರೋಪಿನ ಕಡಿಮೆ ಶಕ್ತಿಯ ಫ್ಲೋಬರ್ಟ್ ಕೋವಿಗಳಾದರೆ ಹೆಸರು ನೋಡುವುದಕ್ಕಿಂತ ಮುದ್ರೆ (ಪರೀಕ್ಷೆ ಮಾಡಿದ್ದಕ್ಕೆ ಹೊಡೆಯುವ ಗುರುತು) ನೋಡಿ. 1891ರ ಕಾನೂನಿನ ನಂತರದ ಜರ್ಮನ್ ನಳಿಗೆಯಲ್ಲಿ ಕಿರೀಟದ ಕೆಳಗೆ ಜಿ ಇದ್ದರೆ ಗೀರಿನದು, ಎಸ್ ಇದ್ದರೆ ಚರೆಯದು. ಬೆಲ್ಜಿಯಂನ ಲಿಯೇಜ್ ಮುದ್ರೆಗಳಲ್ಲಿ ಕಿರೀಟದ ಕೆಳಗೆ ಆರ್ ಇದ್ದರೆ ಗೀರಿನ ನಳಿಗೆ. ಆರ್ ಮುದ್ರೆ ಇದ್ದೂ ಒಳಗೆ ನಯ ಇದ್ದರೆ ಯಾರೋ ಕೈ ಆಡಿಸಿದ್ದಾರೆ ಅಂತಲೇ ಲೆಕ್ಕ. 9 ಮಿಲಿಮೀಟರ್ ರಿಮ್‌ಫೈರ್ (ತೋಟಾದ ಅಂಚಿಗೆ ಹೊಡೆದು ಸಿಡಿಸುವ ಬಗೆ) ಆದರೆ ಅದು ಹುಟ್ಟಿನಿಂದ ಚರೆ ಕೋವಿ ಆಗಿರುವುದೇ ಜಾಸ್ತಿ. ವಿಂಚೆಸ್ಟರ್ ಕೂಡ ಮಾಡೆಲ್ 36 ಅಂತ 1920ರಲ್ಲಿ ಒಂದು ತಂದಿತ್ತು, ಏಳು ವರ್ಷಕ್ಕೆ ನಿಲ್ಲಿಸಿತು.

ಕೊನೆಗೆ, ನೇರಗುಂಡು ಅವರಿಗೆ ಒಂದು ಪ್ರಶ್ನೆ. ನಿಮ್ಮ ಮಾರ್ಲಿನ್ ಯಾವ ವರ್ಷದ್ದು?

ನೇರಗುಂಡು:

1950ರ ದಶಕದ ಕೊನೆಯದು ಅಂತ ನೆನಪು. ಯಾಕೆ?

ಕಪಾಟಿನಕೀಲಿ:

ಎಲ್ಲರಿಗೂ ಥ್ಯಾಂಕ್ಸ್. ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು.

ರಾಡ್ ಪರೀಕ್ಷೆ ಮೂರು ಸಲ ಮಾಡಿದೆ. ಗುರುತು ಅಲುಗಲೇ ಇಲ್ಲ, ನೇರ ಹೋಗಿ ನೇರ ಬಂತು. ನಂಬಿಕೆ ಬರದೆ, ಗೀರು ಇರುವ ನನ್ನ ಇನ್ನೊಂದು .22 ರಲ್ಲಿ ಅದೇ ಬಟ್ಟೆ ಹಾಕಿ ನೋಡಿದೆ, ರಾಡ್ ಸುಳಿದುಕೊಂಡು ಹೋಯಿತು. ಹಿಂದಿನ ಸೈಟ್ ಜಾಗದಲ್ಲಿ ಉಗುರು ಎಳೆದೆ, ಏನೂ ತಾಗಲಿಲ್ಲ, ತೋಡೇ ಕೊರೆದಿಲ್ಲ. ಎಣ್ಣೆ ಹಾಕಿ ಒರೆಸಿದ ಮೇಲೆ ನಳಿಗೆಯ ಮೇಲೆ ಸ್ಮೂತ್‌ಬೋರ್ ಅನ್ನುವ ಅಕ್ಷರಗಳು ಓದಲು ಬಂದವು. ಇಷ್ಟು ದಿನ ಅದರ ಮೇಲೆ ಕೈ ಆಡಿಸುತ್ತಲೇ ಇದ್ದೆ, ಕಂಪನಿಯ ವಿಳಾಸ ಇರಬೇಕು ಅಂದುಕೊಂಡಿದ್ದೆ. ಎಡಗಡೆ ಚಿಕ್ಕದಾಗಿ ಪಿ, ಕೆ.

ಅಂದರೆ ಇದರಲ್ಲಿ ಗುಂಡಿನ ತೋಟಾ ಹಾಕಲೇಬಾರದಾ? ಹಿರಿಯರು ಹಾಕಿದ್ದರೋ ಏನೋ, ಹಲಗೆ ತೂತು ಮಾಡಿದ ಕಥೆ ಕೇಳಿದ್ದೇನೆ.

ಅಳತೆಪಟ್ಟಿ:

ಪಿ ಅಂದರೆ ಜೂನ್, ಕೆ ಅಂದರೆ 1941. ಮೊಸ್ಕೀಟೊ ಆಟ ನಡೆಯುತ್ತಿದ್ದ ಕಾಲವೇ. ಬರಹ, ಸೈಟ್ ಜಾಗ, ಮೆಟ್ಟಿಲು, ರಾಡ್ ಎಲ್ಲಾ ಒಂದೇ ಮಾತು ಹೇಳುತ್ತಿವೆ. ನಾನು ನನ್ನ ಅನುಮಾನ ಹಿಂದಕ್ಕೆ ತಗೊಂಡೆ, ಹಾರ ಹಾಕಿ.

ಗುಂಡು ಹಾಕಬೇಡಿ. ಗೀರಿಲ್ಲದೆ ಗುಂಡಿಗೆ ಸುತ್ತು ಸಿಗುವುದಿಲ್ಲ, ಅದು ಪಲ್ಟಿ ಹೊಡೆದುಕೊಂಡು ಹೋಗುತ್ತದೆ. ಹಲಗೆಯ ಮೇಲೆ ದುಂಡು ತೂತಿನ ಬದಲು ಉದ್ದನೆಯ ಬೀಗದ ಕಣ್ಣಿನಂಥ ತೂತು ಬಿದ್ದರೆ ಅದೇ ಗುರುತು. ಮೇಲಾಗಿ ನಿಮ್ಮದರಲ್ಲಿ ಗುಂಡು ಅರ್ಧ ದಾರಿಗೆ ಅಗಲದ ಕೊಳವೆಗೆ ಬಂದು ಗೋಡೆಯ ಹಿಡಿತವೇ ತಪ್ಪುತ್ತದೆ. ಅದು ಎಲ್ಲಿ ಹೋಗುತ್ತದೆ ಅಂತ ಯಾರೂ ಹೇಳಲಾರರು, ಮೆಟ್ಟಿಲಿನ ಅಂಚಿಗೂ ಒಳ್ಳೆಯದಲ್ಲ. ಚರೆ ಹೊಡೆಯುವ ಮೊದಲೂ ಗನ್‌ಸ್ಮಿತ್ ಒಬ್ಬರಿಗೆ ತೋರಿಸಿ, 80 ವರ್ಷ ದಾಟಿದ ಯಂತ್ರ ಅದು. ಆ ಹಲಗೆ ಸಿಕ್ಕಿದರೆ ಮಾತ್ರ ಫೋಟೋ ಹಾಕಿ, ನೋಡಬೇಕು.

ಇನ್ನೊಂದು, ನೋಂದಣಿಯಲ್ಲಿ ಇದು ರೈಫಲ್ ಅಂತ ಇದ್ದರೆ ಅದನ್ನೂ ವಿಚಾರಿಸಿ. ಕೆಲವು ಕಡೆ ಗೀರು ಇರುವುದು ಇಲ್ಲದಿರುವುದರ ಮೇಲೆ ಕಾನೂನೇ ಬೇರೆ. ಅಮೆರಿಕದಲ್ಲಿ ರೈಫಲ್ ನಳಿಗೆ ಕನಿಷ್ಠ 16 ಇಂಚು ಇದ್ದರೆ ಸಾಕು, ಶಾಟ್‌ಗನ್ನಿಗೆ 18 ಬೇಕು. ನಿಮ್ಮದು 24, ಆ ಲೆಕ್ಕದಲ್ಲಿ ಚಿಂತೆ ಇಲ್ಲ. ಆದರೆ ಬಾಯಿ ಕತ್ತರಿಸಿ ಗಿಡ್ಡ ಮಾಡಿದ ನಯ .22 ಗಳು ಇವೆಯಲ್ಲ, ಅವುಗಳನ್ನು ಕೊಳ್ಳುವಾಗ ಈ ಲೆಕ್ಕ ಮರೆತವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಮೂಲೆಗುಂಪು:

ನೇರಗುಂಡು ಅವರೇ, ಯಾಕೆ ಕೇಳಿದೆ ಅಂದರೆ, ಮಾರ್ಲಿನ್ 1953ರಲ್ಲಿ ಮೈಕ್ರೊ ಗ್ರೂವ್ ಅಂತ ತಂದಿತು. .22 ರಲ್ಲಿ 16 ಗೀರು, ಒಂದೊಂದೂ ಕೂದಲೆಳೆಯಷ್ಟು ಆಳ. ಮಿಕ್ಕವರಲ್ಲಿ ನಾಲ್ಕೋ ಆರೋ ಆಳದ ಗೀರು ನೋಡಿ ಅಭ್ಯಾಸ ಆದ ಕಣ್ಣಿಗೆ ಅದು ಶುದ್ಧವಾಗಿದ್ದಾಗಲೇ ಸರಿಯಾಗಿ ಕಾಣುವುದಿಲ್ಲ. ಇನ್ನು ಸೀಸ ಕಟ್ಟಿಕೊಂಡರಂತೂ ಥೇಟ್ ನಯ ನಳಿಗೆ. ಕಂಚಿನ ಬ್ರಷ್ ಹಾಕಿ ನಾಲ್ಕು ಸಲ ಎಳೆದರೆ ಗೀರು ಎದ್ದು ಬರುತ್ತದೆ. ನಿಮ್ಮದನ್ನು ಮಾರುವ ಮೊದಲು ಬ್ರಷ್ ಹಾಕಿದ್ದಿರಾ?

ನೇರಗುಂಡು:

ಹಾಕಿರಲಿಲ್ಲ.

ತಗೊಂಡವನು ಈಗ ಅದರಲ್ಲಿ 50 ಗಜಕ್ಕೆ ಬೆಂಕಿಕಡ್ಡಿ ತಲೆ ಹಾರಿಸುತ್ತೇನೆ ಅಂತ ಕೊಚ್ಚಿಕೊಳ್ಳುತ್ತಾನೆ. ನಾನು ಇಷ್ಟು ವರ್ಷ ಸುಳ್ಳು ಅಂದುಕೊಂಡಿದ್ದೆ. ಕಪಾಟಿನಕೀಲಿ, ಲೈನರ್ ಮಾತು ವಾಪಸ್.